ಬೇಲಿಯಾಚೆಯ ಹಸುರು

ಮೂವತ್ತನೆಯ ವಯಸ್ಸಿನಲ್ಲಿ ಮನೆ ಕೊಳ್ಳುವವನಿಗೂ ಅರುವತ್ತೈದನೆಯ ವಯಸ್ಸಿನಲ್ಲಿ ಮನೆ ಕೊಳ್ಳುವವನಿಗೂ ದೊಡ್ಡದೊಂದು ಅಂತರವುಂಟು. ಮೊದಲನೆಯವನು ಎಡವಿದರೆ ಮತ್ತೆ ಹತ್ತು ವರ್ಷ ದುಡಿದು ಅದನ್ನು ಸರಿಪಡಿಸಿಕೊಳ್ಳಬಲ್ಲನು. ಊರು ಹಿಡಿಸದಿದ್ದರೆ ಇನ್ನೊಂದು ಊರಿಗೆ ಹೋಗಬಲ್ಲನು. ಎರಡನೆಯವನಿಗೆ ಆ ಅನುಕೂಲವಿಲ್ಲ. ಅವನು ಕೊಡುವ ಹಣ ಜೀವಮಾನದ ಉಳಿತಾಯ. ಕೊಳ್ಳುವ ಮನೆ ಪ್ರಾಯಶಃ ಅವನ ಕೊನೆಯ ಮನೆ. ಆದುದರಿಂದ ಅವನು ಕೊಳ್ಳುವುದು ಗೋಡೆ ಛಾವಣಿಗಳನ್ನಲ್ಲ, ಒಂದು ಮಾತನ್ನು: ಕಿಟಕಿಯಿಂದ ಇಂದು ಕಾಣುವುದು ನಾಳೆಯೂ ಕಾಣುವುದೆಂಬ ಮಾತನ್ನು. ವೃದ್ಧರಿಗೆ ಮನೆ ಮಾರುವವನು ಇಟ್ಟಿಗೆ ಗಾರೆಗಳ ವ್ಯಾಪಾರಿಯೆಂದು ತಾನು ತಿಳಿದುಕೊಂಡಿದ್ದರೂ ನಿಜದಲ್ಲಿ ಭರವಸೆಯ ವ್ಯಾಪಾರಿ.

ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ, ಅದರಲ್ಲಿಯೂ ಅರಿಝೋನಾ ಮತ್ತು ಫ್ಲಾರಿಡಾಗಳಂಥ ಬಿಸಿಲಿನ ಸೀಮೆಗಳಲ್ಲಿ, ನಿವೃತ್ತರಿಗಾಗಿಯೇ ಊರುಗಳನ್ನು ಕಟ್ಟಿ ಮಾರುವ ಉದ್ಯಮವು ಎಪ್ಪತ್ತು ವರ್ಷಗಳಿಂದ ಬೆಳೆದುಬಂದಿದೆ. ಆ ಉದ್ಯಮದಲ್ಲಿ ಒಂದು ಪ್ರಶ್ನೆ ಆಗಾಗ ಏಳುವುದುಂಟು. ನಿವೃತ್ತರ ಊರನ್ನು ಕಟ್ಟಿದ ಉದ್ಯಮಿಯೊಬ್ಬನಿದ್ದಾನೆ. ಅವನ ಜಮೀನಿನ ಬೇಲಿಗೆ ತಾಗಿಕೊಂಡು ಇನ್ನೊಬ್ಬರ ಗಾಲ್ಫ್ ಬಡಾವಣೆಯೊಂದಿದೆ: ನಡುವೆ ಹುಲ್ಲಿನ ಮೈದಾನ, ಅದರ ಅಂಚಿನಲ್ಲಿ ಮನೆಗಳ ಸಾಲು, ಒಂದು ಕ್ಲಬ್ಬು. ಅದರ ಒಡೆಯನು ನಷ್ಟದಿಂದಲೋ ವಯಸ್ಸಿನಿಂದಲೋ ಬೇಸತ್ತು ಮಾರಲು ಒಪ್ಪಿದ್ದಾನೆ. ಉದ್ಯಮಿಯು ಅದನ್ನು ಕೊಳ್ಳಬೇಕೇ, ಬೇಡವೇ? ಮೇಲುನೋಟಕ್ಕೆ ಇದು ಲೆಕ್ಕದ ಪುಸ್ತಕವೇ ತೀರ್ಮಾನಿಸತಕ್ಕ ಪ್ರಶ್ನೆ. ಆದರೆ ಆ ಪುಸ್ತಕದಲ್ಲಿ ಬರೆಯದೆ ಉಳಿಯುವ ಬಾಬುಗಳು ಇದರಲ್ಲಿ ಹಲವಿವೆ. ಅವುಗಳನ್ನು ಎಣಿಸದೆ ಮಾಡಿದ ತೀರ್ಮಾನ ವ್ಯಾಪಾರದ ದೃಷ್ಟಿಯಿಂದಲೂ ತಪ್ಪಾಗಬಹುದು.

ಮೊದಲು, ಮುಪ್ಪಿಗೂ ಗಾಲ್ಫಿಗೂ ಗಂಟುಬಿದ್ದುದು ಹೇಗೆಂಬುದನ್ನು ನೋಡುವುದು ಒಳ್ಳೆಯದು. ಅರಿಝೋನಾದ ಫೀನಿಕ್ಸ್ ನಗರದ ಹೊರಗೆ ೧೯೫೪ರಲ್ಲಿ ಯಂಗ್‌ಟೌನ್ ಎಂಬ ಸಣ್ಣ ಊರು ಹುಟ್ಟಿತು. ವಯಸ್ಸಾದವರಿಗೆಂದೇ ಕಟ್ಟಿದ ಊರುಗಳಲ್ಲಿ ಅದು ಮೊದಮೊದಲಿನದು. ಅದರ ಪಕ್ಕದಲ್ಲಿಯೇ ಡೆಲ್ ವೆಬ್ ಎಂಬ ಕಟ್ಟಡದ ಗುತ್ತಿಗೆದಾರನು ಸನ್ ಸಿಟಿಯನ್ನು ಕಟ್ಟಿದನು. ಬಡಗಿಯಾಗಿ ಜೀವನ ಆರಂಭಿಸಿ ದೊಡ್ಡ ಕಂಪೆನಿಯ ಒಡೆಯನಾದ ಅವನು ಒಂದು ಸೂಕ್ಷ್ಮವನ್ನು ಅರಿತಿದ್ದನು. ಮುದುಕರಿಗೆ ಬರಿಯ ನಕ್ಷೆ ತೋರಿಸಿ, “ಮುಂದೆ ಇಲ್ಲಿ ಇದು ಬರುವುದು, ಅಲ್ಲಿ ಅದು ಬರುವುದು” ಎಂದರೆ ನಂಬುವುದಿಲ್ಲ. ಮುಂದೆ ಎಂಬ ಕಾಲ ಅವರ ಬಳಿ ಹೆಚ್ಚಿಲ್ಲ. ಆದುದರಿಂದ ಅವನು ಮನೆ ಮಾರುವುದಕ್ಕೆ ಮೊದಲೇ ಗಾಲ್ಫ್ ಮೈದಾನ, ಅಂಗಡಿಗಳು, ವಿನೋದಭವನ, ಇವನ್ನು ಕಟ್ಟಿ ನಿಲ್ಲಿಸಿದನು. ೧೯೬೦ರ ಜನವರಿ ೧ನೆಯ ತಾರೀಖು ಬಾಗಿಲು ತೆರೆದಾಗ ಆ ಮೂರು ದಿನಗಳಲ್ಲಿ ಬಂದು ನೋಡಿದವರು ಸುಮಾರು ಒಂದು ಲಕ್ಷ ಜನ. ಎರಡು ವರ್ಷಗಳ ಬಳಿಕ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವನ ಚಿತ್ರ ಬಂದಿತು. ಅಂದಿನಿಂದ ನಿವೃತ್ತರ ಊರೆಂದರೆ ಗಾಲ್ಫ್ ಮೈದಾನವಿರಲೇಬೇಕೆಂಬುದು ಆ ದೇಶದಲ್ಲಿ ಸಂಪ್ರದಾಯವಾಯಿತು.

ಇಲ್ಲೊಂದು ವಿಚಿತ್ರವಿದೆ. ಗಾಲ್ಫ್ ಮೈದಾನದ ಅಂಚಿನಲ್ಲಿ ಮನೆ ಕೊಂಡವರೆಲ್ಲರೂ ಗಾಲ್ಫ್ ಆಡುವವರಲ್ಲ. ಎಷ್ಟೋ ಮಂದಿ ದಾಂಡನ್ನು ಕೈಯಿಂದ ಮುಟ್ಟಿದವರೂ ಅಲ್ಲ. ಹದಿನೆಂಟು ಕುಳಿಗಳ ಮೈದಾನವೊಂದಕ್ಕೆ ಸುಮಾರು ೧೫೦ ಎಕರೆ ನೆಲ ಬೇಕು. ಆ ನೆಲವೆಲ್ಲ ಕತ್ತರಿಸಿದ ಹುಲ್ಲು, ಮರ, ಅಲ್ಲಲ್ಲಿ ಒಂದು ಕೊಳ. ಬೆಳಗ್ಗೆ ಕಾಫಿಯ ಬಟ್ಟಲನ್ನು ಹಿಡಿದು ಹಿತ್ತಿಲ ಜಗಲಿಗೆ ಬಂದರೆ ಎದುರಿಗೆ ಗೋಡೆಯಿಲ್ಲ, ಪಕ್ಕದ ಮನೆಯವರ ಬಟ್ಟೆ ಒಣಗಿಸುವ ಹಗ್ಗವಿಲ್ಲ. ಬಯಲು, ಬಾನು, ಕೊಳದ ದಂಡೆಯಲ್ಲೊಂದು ಕೊಕ್ಕರೆ. ಇದಕ್ಕಾಗಿ ಕೊಳ್ಳುವವನು ಹೆಚ್ಚಿನ ಬೆಲೆ ಕೊಡುತ್ತಾನೆ. ಕೊಟ್ಟಮೇಲೆ ಆ ಬಯಲು ತನ್ನದೆಂದೇ ಭಾವಿಸುತ್ತಾನೆ. ಕಾಯಿದೆಯ ಕಣ್ಣಿನಲ್ಲಿ ಅದು ಅವನದಲ್ಲ. ಕನ್ನಡನಾಡಿನ ಹಳ್ಳಿಯಲ್ಲಿ ಗೋಮಾಳವನ್ನು ಊರವರೆಲ್ಲ ತಮ್ಮದೆಂದು ತಿಳಿದಿರುವಂತೆ ಇದು. ಗೋಮಾಳಕ್ಕಾದರೂ ಸರಕಾರದ ದಾಖಲೆಯೊಂದುಂಟು, ಗಾಲ್ಫ್ ಮೈದಾನಕ್ಕಿರುವುದು ಒಬ್ಬ ಒಡೆಯ ಮಾತ್ರ. ಅವನು ಇಂದು ಮಾರಿದರೆ ನಾಳೆ ಇನ್ನೊಬ್ಬನು.

ಆ ಒಡೆಯರ ಕಷ್ಟವನ್ನೂ ಮರೆಯುವಂತಿಲ್ಲ. ಮನೆ ಮಾರುವುದಕ್ಕಾಗಿ ಮೈದಾನಗಳನ್ನು ಕಟ್ಟಿದ ಕಾಲವೊಂದಿತ್ತು. ಮನೆಗಳೆಲ್ಲ ಮಾರಿಹೋದಮೇಲೆ ಮೈದಾನವನ್ನು ಸಾಕುವ ಹೊರೆ ಮಾತ್ರ ಉಳಿಯಿತು. ನೀರು, ಗೊಬ್ಬರ, ಹುಲ್ಲು ಕೊಯ್ಯುವ ಯಂತ್ರ, ಆಳುಕಾಳು, ಇವು ಆಟಗಾರರು ಬಂದರೂ ಬರದಿದ್ದರೂ ತಪ್ಪದ ವೆಚ್ಚಗಳು. ನೆಲದೊಳಗಿನ ನೀರಿನ ಕೊಳವೆಗಳಿಗೆ ಹೆಚ್ಚೆಂದರೆ ಇಪ್ಪತ್ತು ಮೂವತ್ತು ವರ್ಷಗಳ ಆಯುಸ್ಸು. ಅದು ತೀರಿದಾಗ ಒಮ್ಮೆಗೇ ದೊಡ್ಡ ಹಣ ಬೇಕು. ೨೦೦೬ನೆಯ ಇಸವಿಯಿಂದ ಮೊದಲುಗೊಂಡು ಬಹುಕಾಲ ಆ ದೇಶದಲ್ಲಿ ಪ್ರತಿವರ್ಷ ಹೊಸದಾಗಿ ತೆರೆದ ಮೈದಾನಗಳಿಗಿಂತ ಮುಚ್ಚಿದವುಗಳ ಸಂಖ್ಯೆಯೇ ಹೆಚ್ಚಾಗಿತ್ತು. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಬಯಲ ಆಟವೆಂಬ ಕಾರಣದಿಂದ ಗಾಲ್ಫಿಗೆ ಮತ್ತೆ ಜನ ಬಂದರೆಂಬುದು ನಿಜ. ಆದರೆ ಹಳೆಯ ಕೊಳವೆ ಅದರಿಂದ ಹೊಸದಾಗಲಿಲ್ಲ.

ಮುಚ್ಚಿದ ಮೈದಾನದ ಗತಿಯೇನೆಂಬುದಕ್ಕೆ ಫೀನಿಕ್ಸ್ ನಗರದ ಅಹ್ವಾಟುಕಿ ಲೇಕ್ಸ್ ಎಂಬಲ್ಲಿನ ಪ್ರಸಂಗ ಒಂದು ನಿದರ್ಶನ. ಅಲ್ಲಿಯ ಮೈದಾನವನ್ನು ೨೦೧೩ರಲ್ಲಿ ಮುಚ್ಚಲಾಯಿತು. ಹುಲ್ಲು ಒಣಗಿತು, ಕೊಳಗಳು ಬತ್ತಿದವು. ಅಲ್ಲಿ ಮನೆಗಳನ್ನು ಕಟ್ಟಬೇಕೆಂಬ ಯೋಜನೆ ಹೊರಟಿತು. ಸುತ್ತಲಿನ ಮನೆಯವರಲ್ಲಿ ಕೆಲವರು ಹಳೆಯ ಪತ್ರಗಳನ್ನು ಹೊರತೆಗೆದು ನ್ಯಾಯಾಲಯಕ್ಕೆ ಹೋದರು; ಈ ನೆಲವು ಗಾಲ್ಫ್ ಮೈದಾನವಾಗಿಯೇ ಇರತಕ್ಕದ್ದೆಂಬ ನಿರ್ಬಂಧ ಆ ಪತ್ರಗಳಲ್ಲಿತ್ತು. ವರ್ಷಗಳ ವ್ಯಾಜ್ಯದ ಬಳಿಕ ನ್ಯಾಯಾಲಯವು ಮೈದಾನವನ್ನು ಮತ್ತೆ ಮೈದಾನವಾಗಿ ಮಾಡಬೇಕೆಂದು ತೀರ್ಪಿತ್ತಿತು. ಮನೆಯವರು ಗೆದ್ದರು. ಆದರೆ ಗೆಲ್ಲುವವರೆಗೆ ಅವರು ನೋಡುತ್ತಿದ್ದುದು ಧೂಳನ್ನು. ಎಪ್ಪತ್ತೆಂಟು ವರ್ಷದವನೊಬ್ಬ ಅಂಥ ವ್ಯಾಜ್ಯವನ್ನು ಗೆದ್ದರೆ ಅದರ ಫಲವನ್ನು ಉಣ್ಣುವವರು ಬಹುಶಃ ಅವನ ವಾರಸುದಾರರು.

ಈಗ ಉದ್ಯಮಿಯ ಪಕ್ಕದಲ್ಲಿ ಕುಳಿತು ಅವನ ಆಸೆಯನ್ನು ನೋಡೋಣ. ಅವನಿಗೆ ಕೊಳ್ಳಬೇಕೆನ್ನಿಸಲು ನಾಲ್ಕು ಕಾರಣಗಳುಂಟು. ತನ್ನ ಊರಿನಲ್ಲಿ ಮಾರುವ ನಿವೇಶನಗಳು ಮುಗಿಯುತ್ತ ಬಂದಿವೆ. ಮಾರಾಟದ ಗುಮಾಸ್ತರೂ ಬಡಗಿಗಳೂ ಕೆಲಸವಿಲ್ಲದೆ ಕೂರುವಂತಿಲ್ಲ. ಎರಡನೆಯದಾಗಿ, ಹೊಸದಾಗಿ ಮೈದಾನ ಕಟ್ಟುವುದಕ್ಕಿಂತ ಸೊರಗಿದ ಮೈದಾನವನ್ನು ಕೊಳ್ಳುವುದು ಅಗ್ಗ. ಮರಗಳು ಆಗಲೇ ಬೆಳೆದು ನಿಂತಿವೆ. ಮೂರನೆಯದಾಗಿ, ತಾನು ಕೊಳ್ಳದಿದ್ದರೆ ಪ್ರತಿಸ್ಪರ್ಧಿಯೊಬ್ಬನು ಕೊಂಡು, ತನ್ನ ಬೇಲಿಯ ಪಕ್ಕದಲ್ಲಿಯೇ ತನಗಿಂತ ಕಡಿಮೆ ಬೆಲೆಗೆ ಮನೆ ಮಾರಬಹುದು. ನಾಲ್ಕನೆಯ ಕಾರಣವನ್ನು ಅವನು ಗಟ್ಟಿಯಾಗಿ ಹೇಳುವುದಿಲ್ಲ: ಮೈದಾನವನ್ನು ಮೈದಾನದ ಬೆಲೆಗೆ ಕೊಂಡು, ಒಂಬತ್ತು ಕುಳಿಗಳನ್ನು ಉಳಿಸಿ, ಉಳಿದ ನೆಲವನ್ನು ನಿವೇಶನದ ಬೆಲೆಗೆ ಮಾರಬಹುದು.

ಮೊದಲ ಮೂರು ಕಾರಣಗಳಲ್ಲಿ ನಿಂದಿಸತಕ್ಕದ್ದೇನೂ ಇಲ್ಲ. ನಾಲ್ಕನೆಯದರಲ್ಲಿ ಮೋಸವಿಲ್ಲದಿರಬಹುದು, ಅಪಾಯ ಮಾತ್ರ ಉಂಟು. ಹಳೆಯ ಗಾಲ್ಫ್ ಮೈದಾನದ ನೆಲ ಕಾಣುವಷ್ಟು ನಿರ್ಮಲವಲ್ಲ. ಕಳೆ ಕೊಲ್ಲುವುದಕ್ಕೆ ಪಾಷಾಣ ಬೆರೆತ ಔಷಧಗಳನ್ನೂ, ಹಿಂದಿನ ದಶಕಗಳಲ್ಲಿ ಬೂಷ್ಟಿಗೆ ಪಾದರಸ ಬೆರೆತವುಗಳನ್ನೂ ಅಲ್ಲಿ ಸುರಿಯುತ್ತಿದ್ದುದುಂಟು. ಅದರ ಅಂಶ ಮಣ್ಣಿನಲ್ಲಿ ಉಳಿಯುತ್ತದೆ. ಮನೆ ಕಟ್ಟುವ ಮೊದಲು ಆ ಮಣ್ಣನ್ನು ಪರೀಕ್ಷಿಸಿ, ಕೆಟ್ಟಿದ್ದರೆ ಅಗೆದು ತೆಗೆಯಬೇಕಾದೀತು. ಕ್ರಯಪತ್ರಗಳ ಹಳೆಯ ನಿರ್ಬಂಧಗಳನ್ನು ಓದಬೇಕು. ನೀರಿನ ಹಕ್ಕು ಯಾರದೆಂದು ನೋಡಬೇಕು. ಇವೆಲ್ಲವನ್ನೂ ಕೂಡಿಸಿದಾಗ ಅಗ್ಗವೆಂದು ಕಂಡದ್ದು ಅಗ್ಗವಾಗಿ ಉಳಿಯದಿರುವುದೇ ಹೆಚ್ಚು.

ಇನ್ನು ಕಾಯಿದೆಯ ತೊಡಕು. ಆ ದೇಶದಲ್ಲಿ ಮಕ್ಕಳಿರುವ ಕುಟುಂಬಕ್ಕೆ ಮನೆ ಕೊಡುವುದಿಲ್ಲವೆನ್ನುವುದು ೧೯೮೮ರ ತಿದ್ದುಪಾಟಿನಿಂದ ನಿಷಿದ್ಧವಾಗಿದೆ. ನಿವೃತ್ತರ ಊರುಗಳಿಗೆ ಇದರಿಂದ ವಿನಾಯಿತಿಯಿದೆ. ೧೯೯೫ರ ಕಾಯಿದೆಯು ಆ ವಿನಾಯಿತಿಯನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅದರ ಮುಖ್ಯ ನಿಯಮವಿದು: ಜನರಿರುವ ಮನೆಗಳಲ್ಲಿ ನೂರಕ್ಕೆ ೮೦ರಲ್ಲಾದರೂ ಐವತ್ತೈದು ವರ್ಷ ತುಂಬಿದವರು ಒಬ್ಬರಾದರೂ ಇರಬೇಕು, ಊರು ತನ್ನನ್ನು ಹಿರಿಯರ ಊರೆಂದು ಸಾರಿಕೊಂಡು ಹಾಗೆಯೇ ನಡೆಯಬೇಕು. ಪಕ್ಕದ ಗಾಲ್ಫ್ ಬಡಾವಣೆಗೆ ಈ ನಿರ್ಬಂಧವಿಲ್ಲದಿರುವುದು ಸಾಮಾನ್ಯ. ಅಲ್ಲಿ ದಾದಿಯೂ ಇರುವಳು, ಬ್ಯಾಂಕಿನ ಗುಮಾಸ್ತನೂ ಇರುವನು, ಸಂಜೆ ಸೈಕಲ್ ತುಳಿಯುವ ಮಕ್ಕಳೂ ಇರುವರು.

ಒಂದು ಸಣ್ಣ ಲೆಕ್ಕವನ್ನು ಹಾಕಿ ನೋಡಬಹುದು. ನಿವೃತ್ತರ ಊರಿನಲ್ಲಿ ೧,೦೦೦ ಮನೆಗಳಿದ್ದು ಅವುಗಳಲ್ಲಿ ೯೦೦ ಈ ನಿಯಮಕ್ಕೆ ಸಲ್ಲುತ್ತವೆನ್ನೋಣ. ಪಕ್ಕದಲ್ಲಿ ೪೦೦ ಮನೆಗಳಿದ್ದು ಅವುಗಳಲ್ಲಿ ೧೬೦ ಮಾತ್ರ ಸಲ್ಲುತ್ತವೆನ್ನೋಣ. ಎರಡನ್ನೂ ಕಲಸಿ ಒಂದೇ ಊರು ಮಾಡಿದರೆ ೧,೪೦೦ರಲ್ಲಿ ೧,೦೬೦. ಎಂದರೆ ನೂರಕ್ಕೆ ಎಪ್ಪತ್ತಾರನ್ನೂ ಮುಟ್ಟುವುದಿಲ್ಲ. ಬೆಳೆಯಬೇಕೆಂದು ಹೊರಟ ಉದ್ಯಮಿ ತನ್ನ ಊರಿನ ಹೆಸರನ್ನೇ ಕಳೆದುಕೊಂಡಾನು. ಎರಡು ಬಡಾವಣೆಗಳನ್ನೂ ಕಾಗದದಲ್ಲಿ ಬೇರೆಬೇರೆಯಾಗಿಯೇ ಇಡುವುದೊಂದೇ ದಾರಿ. ಆಗ “ಒಂದೇ ಊರು, ಒಂದೇ ಸಂಸಾರ” ಎಂಬ ಜಾಹಿರಾತಿಗೆ ಅರ್ಥವಿರದು.

ಈ ನಿರ್ಬಂಧವೆಂಬುದು ಎಷ್ಟು ನಾಜೂಕಾದದ್ದೆಂಬುದಕ್ಕೆ ಮೇಲೆ ಹೇಳಿದ ಯಂಗ್‌ಟೌನೇ ಸಾಕ್ಷಿ. ಹದಿಹರೆಯದ ಮೊಮ್ಮಗನಿಗೆ ಆಶ್ರಯ ಕೊಟ್ಟ ಒಂದು ಕುಟುಂಬದ ಮೇಲೆ ಆ ಊರು ತನ್ನ ವಯಸ್ಸಿನ ನಿಯಮವನ್ನು ಹೇರಲು ಹೊರಟಿತು. ವಿಚಾರಣೆಯಾದಾಗ ಆ ನಿಯಮಕ್ಕೆ ತಕ್ಕ ಆಧಾರವಿಲ್ಲವೆಂದು ಕಂಡುಬಂದು, ೧೯೯೮ರಲ್ಲಿ ಅದು ಕೊನೆಗೊಂಡಿತು. ಮಕ್ಕಳು ಬಂದರು, ಊರು ಉಳಿಯಿತು. ಪಕ್ಕದ ಸನ್ ಸಿಟಿ ಮಾತ್ರ ಹಿರಿಯರ ಊರಾಗಿಯೇ ಇದೆ. ಒಂದೇ ಬೇಲಿಯ ಎರಡು ಮಗ್ಗುಲುಗಳಲ್ಲಿ ಎರಡು ಬಗೆಯ ಬಾಳು. ಯಾವುದು ಮೇಲೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಎರಡು ಬಗೆಯನ್ನು ಒಂದೇ ಒಡೆತನದಲ್ಲಿ ತಂದಾಗ ಏಳುವ ಜಗಳ ಯಾವುದೆಂಬುದು ಮುಖ್ಯ. ಸನ್ ಸಿಟಿಯ ಹಿರಿಯರು ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ತಮ್ಮ ಸೀಮೆಯ ಶಾಲೆಗಳಿಗಾಗಿ ಸಾಲವೆತ್ತುವ ಪ್ರಸ್ತಾಪಗಳನ್ನು ಮತ್ತೆ ಮತ್ತೆ ಮತದಿಂದ ಸೋಲಿಸಿದರು. ಕೊನೆಗೆ ಆ ಶಾಲಾ ಮಂಡಲದಿಂದ ಅವರನ್ನು ಬೇರ್ಪಡಿಸಬೇಕಾಯಿತು. ತಮ್ಮ ಮಕ್ಕಳನ್ನು ಓದಿಸಿ ಮುಗಿಸಿದವರಿಗೆ ಪರರ ಮಕ್ಕಳ ಶಾಲೆಯ ತೆರಿಗೆ ಭಾರವೆನಿಸಿತು. ಪಿಂಚಣಿಯ ಹಣದಲ್ಲಿ ಬಾಳುವವರ ಭಯವೂ ಸುಳ್ಳಲ್ಲ. ಮಕ್ಕಳ ಅಗತ್ಯವೂ ಸುಳ್ಳಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ತಾಳ್ಮೆ ತನಗುಂಟೇ ಎಂದು ಕೊಳ್ಳುವವನು ತನ್ನನ್ನು ಕೇಳಿಕೊಳ್ಳಬೇಕು.

ಬೆಲೆಯನ್ನು ಕೊಡುವವರಾರೆಂಬುದು ಇನ್ನೊಂದು ಪ್ರಶ್ನೆ. ಇದೇ ಎಲ್ಲಕ್ಕಿಂತ ಗಹನವಾದುದು. ಫ್ಲಾರಿಡಾದಲ್ಲಿ ೧೯೮೦ರ ಕಾಯಿದೆಯೊಂದರ ಮೇರೆಗೆ ಹೊಸ ಊರು ಕಟ್ಟುವವರು ಸಮುದಾಯಾಭಿವೃದ್ಧಿ ಮಂಡಲವೊಂದನ್ನು ಸ್ಥಾಪಿಸಬಹುದು. ಅದು ಸರಕಾರದ ಒಂದು ಸಣ್ಣ ರೂಪ. ಸಾಲಪತ್ರಗಳನ್ನು ಹೊರಡಿಸಿ ರಸ್ತೆ, ಚರಂಡಿ, ಉದ್ಯಾನಗಳನ್ನು ಕಟ್ಟಿ, ಆ ಸಾಲವನ್ನು ಮನೆಯವರಿಂದ ವರ್ಷವರ್ಷವೂ ವಸೂಲು ಮಾಡುತ್ತದೆ. ಮೊದಮೊದಲು ಅದರ ಆಡಳಿತವನ್ನು ಆರಿಸುವುದು ಎಕರೆಗೊಂದು ಓಟಿನಂತೆ. ನೆಲವೆಲ್ಲ ಉದ್ಯಮಿಯದೇ ಆದುದರಿಂದ ಓಟುಗಳೂ ಅವನವೇ. ಸಾಮಾನ್ಯವಾಗಿ ಆರು ವರ್ಷ ಕಳೆದು ೨೫೦ ಮಂದಿ ಮತದಾರರು ನೆಲೆಸಿದಮೇಲೆ ಅಧಿಕಾರವು ನಿವಾಸಿಗಳ ಕಡೆಗೆ ಸರಿಯತೊಡಗುತ್ತದೆ. ಆದರೆ ಮತದಾರರೇ ನೆಲೆಸದ, ಅಂಗಡಿ ಕಚೇರಿಗಳೇ ತುಂಬಿದ ಮಂಡಲವಾದರೆ?

ಇದು ಊಹೆಯ ಮಾತಲ್ಲ. ಫ್ಲಾರಿಡಾದ ದಿ ವಿಲೇಜಸ್ ಎಂಬುದು ನಿವೃತ್ತರ ಊರುಗಳಲ್ಲೆಲ್ಲ ದೊಡ್ಡದು. ಚಕ್ರದ ಮೇಲೆ ಎಳೆದು ತರುವ ಮನೆಗಳ ಸಣ್ಣ ಬಡಾವಣೆಯಾಗಿ ಆರಂಭವಾಗಿ, ೧೯೯೨ರಲ್ಲಿ ಈಗಿನ ಹೆಸರನ್ನು ಪಡೆದು, ೨೦೧೦ರಿಂದ ೨೦೨೦ರ ವರೆಗಿನ ಜನಗಣತಿಯಲ್ಲಿ ಅಮೆರಿಕಾದ ನಗರಪ್ರದೇಶಗಳಲ್ಲೆಲ್ಲ ಅತ್ಯಂತ ವೇಗದಿಂದ, ನೂರಕ್ಕೆ ೩೯ರಷ್ಟು, ಬೆಳೆದುದೆಂಬ ಹೆಸರು ಪಡೆಯಿತು. ಅಲ್ಲಿ ಐವತ್ತಕ್ಕೂ ಹೆಚ್ಚು ಗಾಲ್ಫ್ ಮೈದಾನಗಳಿವೆ. ಜನರು ಗಾಲ್ಫ್ ಗಾಡಿಯಲ್ಲಿಯೇ ಕುಳಿತು ಅಂಗಡಿಗೂ ವೈದ್ಯರಲ್ಲಿಗೂ ಹೋಗುತ್ತಾರೆ. ಅಲ್ಲಿಯ ಮಧ್ಯಭಾಗದ ಮಂಡಲದಲ್ಲಿ ನಿವಾಸಿಗಳು ಇಲ್ಲವೆಂಬಷ್ಟು ಕಡಿಮೆ. ಆದುದರಿಂದ ಅದರ ಆಡಳಿತ ಉದ್ಯಮಿಯ ಕೈಯಲ್ಲಿಯೇ ಉಳಿಯಿತು. ಆ ಮಂಡಲವು ಉದ್ಯಮಿಯಿಂದ ಮೈದಾನ, ವಿನೋದಭವನ ಮೊದಲಾದುವನ್ನು ಕೊಂಡಿತು. ಬೆಲೆಯನ್ನು ಕಟ್ಟಿದ್ದು ಅವನ್ನು ನಿರ್ಮಿಸಿದ ವೆಚ್ಚದ ಮೇಲಲ್ಲ, ಮುಂದೆ ನಿವಾಸಿಗಳು ತಿಂಗಳು ತಿಂಗಳು ಕೊಡಲಿರುವ ಶುಲ್ಕದ ಮೇಲೆ. ಅಂಥ ಮಂಡಲವನ್ನು ಸರಕಾರವೆಂದು ಎಣಿಸಿ ಅದರ ಸಾಲಪತ್ರಗಳಿಗೆ ತೆರಿಗೆಯ ವಿನಾಯಿತಿ ಕೊಡಬಹುದೇ ಎಂದು ೨೦೦೮ರಲ್ಲಿ ಕೇಂದ್ರದ ಆದಾಯ ತೆರಿಗೆ ಇಲಾಖೆ ವಿಚಾರಣೆ ಆರಂಭಿಸಿತು. ಅದು ವರ್ಷಗಟ್ಟಲೆ ನಡೆಯಿತು. ಅಲ್ಲಿಯ ನಿವಾಸಿಗಳಲ್ಲಿ ಬಹುಮಂದಿ ತಮ್ಮ ಊರಿನಲ್ಲಿ ಸುಖವಾಗಿದ್ದಾರೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಮಾರುವವನೂ ಕೊಳ್ಳುವವನೂ ಒಬ್ಬನೇ ಆಗಿ, ಹಣ ಕೊಡುವವರು ಮಾತ್ರ ಬೇರೆಯವರಾದಾಗ ಬೆಲೆಯೆಂಬ ಮಾತಿಗೆ ಅರ್ಥವೇನು?

ಪಕ್ಕದ ಗಾಲ್ಫ್ ಬಡಾವಣೆಯನ್ನು ಕೊಳ್ಳುವಾಗಲೂ ಇದೇ ಪ್ರಶ್ನೆ ಬರುವುದು. ಉದ್ಯಮಿಯು ಇಂದು ಒಂದು ಬೆಲೆಗೆ ಕೊಂಡು, ನಾಳೆ ತನ್ನ ಊರಿನ ಸಂಘಕ್ಕೋ ಮಂಡಲಕ್ಕೋ ಅದನ್ನು ಎರಡು ಬೆಲೆಗೆ ದಾಟಿಸಿದರೆ, ಆ ಹೊರೆ ಕೂರುವುದು ಪಿಂಚಣಿದಾರರ ಹೆಗಲ ಮೇಲೆ. ಅವರಲ್ಲಿ ಗಾಲ್ಫ್ ಆಡುವವನೂ ಕೊಡಬೇಕು. ಮೊಳಕಾಲ ನೋವಿನಿಂದ ಜಗಲಿ ದಾಟದವಳೂ ಕೊಡಬೇಕು.

ಇನ್ನು ಬೇಲಿಯ ಆಚೆಯವರ ಮಾತು. ಅಲ್ಲಿ ಒಬ್ಬ ವೃದ್ಧೆಯನ್ನು ಭಾವಿಸಿಕೊಳ್ಳಬಹುದು. ಉತ್ತರದ ಹಿಮದ ಸೀಮೆಯಲ್ಲಿ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಗಂಡನೊಡನೆ ಬಂದು ಹನ್ನೊಂದನೆಯ ಕುಳಿಯ ಅಂಚಿನ ಮನೆಯನ್ನು ಕೊಂಡವಳು. ಆತ ಪ್ರತಿದಿನ ಬೆಳಗ್ಗೆ ಆಡುತ್ತಿದ್ದನು. ಆಕೆ ಕಿಟಕಿಯಿಂದ ನೋಡುತ್ತಿದ್ದಳು. ಈಗ ಆತನಿಲ್ಲ, ಕಿಟಕಿಯುಂಟು. ನಿವೃತ್ತರ ಊರಿಗೆ ಸೇರಬೇಕೆಂದಿದ್ದರೆ ಆಕೆ ಆಗಲೇ ಸೇರಬಹುದಾಗಿತ್ತು; ಮಕ್ಕಳ ಕೂಗು ಕಿವಿಗೆ ಬೀಳುವ ಬೀದಿಯೇ ಬೇಕೆಂದು ಆಕೆ ಬೇಲಿಯ ಈ ಮಗ್ಗುಲನ್ನು ಆರಿಸಿಕೊಂಡವಳು. ಒಂದು ದಿನ ಅಂಚೆಯಲ್ಲಿ ಬಣ್ಣದ ಕಾಗದವೊಂದು ಬರುವುದು: “ಇನ್ನು ಮೇಲೆ ತಾವು ಒಂದು ದೊಡ್ಡ ಕುಟುಂಬದ ಸದಸ್ಯರು.” ಕೇಳದೆ ಕೊಟ್ಟ ಬಂಧುತ್ವ ಇದು. ಆಕೆಗೆ ಬೇಕಾದ ಸಮಾಚಾರ ಒಂದೇ: ಹನ್ನೊಂದನೆಯ ಕುಳಿ ಉಳಿಯುವುದೇ? ಆ ಕಾಗದದಲ್ಲಿ ಅದಿಲ್ಲ.

ಬೇಲಿಯ ಈಚೆಯವರಿಗೂ ಇಂಥದೇ ಒಂದು ಕಳವಳ. ಮೈದಾನ ದೊಡ್ಡದಾದರೆ ಒಳ್ಳೆಯದೇ. ಆದರೆ ಗಾಲ್ಫ್ ಗಾಡಿಯ ದಾರಿಗೆ ಬೇಲಿಯಲ್ಲೊಂದು ಬಾಗಿಲು ತೆರೆದರೆ ಆಚೆಯವರೆಲ್ಲ ಈಚೆಗೆ ಬರುವರಲ್ಲವೇ? ಈಜುಕೊಳದಲ್ಲಿ ತಮಗೆ ಸ್ಥಳ ಸಿಕ್ಕುವುದೇ? ತಾವು ಹದಿನೈದು ವರ್ಷ ಶುಲ್ಕ ತೆತ್ತು ಕಟ್ಟಿದ ಭವನವನ್ನು ನಿನ್ನೆ ಬಂದವರು ಅದೇ ಶುಲ್ಕಕ್ಕೆ ಉಪಯೋಗಿಸುವುದು ನ್ಯಾಯವೇ? ಇವು ಸಣ್ಣ ಮನಸ್ಸಿನ ಪ್ರಶ್ನೆಗಳೆಂದು ನಗುವುದು ಸುಲಭ. ಆದರೆ ದಿನದ ಇಪ್ಪತ್ತನಾಲ್ಕು ಗಂಟೆಗಳನ್ನೂ ಊರಿನೊಳಗೆ ಕಳೆಯುವವರಿಗೆ ಈಜುಕೊಳದ ಸ್ಥಳವೂ ಒಂದು ರಾಜಕೀಯವೇ ಸರಿ.

ಹಾಗಾದರೆ ಕೊಳ್ಳಬಾರದೆಂದು ನೇರವಾಗಿ ಹೇಳಿಬಿಡಬಹುದೇ? ಅದೂ ಸರಿಯಲ್ಲ. ಕೊಳ್ಳದೆ ಬಿಟ್ಟರೆ ಮೈದಾನ ತಾನಾಗಿಯೇ ಹಸುರಾಗಿ ಉಳಿಯುವುದಿಲ್ಲ. ನಷ್ಟದ ಒಡೆಯನು ನೀರು ನಿಲ್ಲಿಸಿದ ಕೆಲವು ತಿಂಗಳಲ್ಲಿಯೇ ಕಳೆ ಏಳುವುದು, ಕ್ಲಬ್ಬಿನ ಕಿಟಕಿಗಳಿಗೆ ಹಲಗೆ ಬೀಳುವುದು. ಆಗ ಹಾಳಾಗುವುದು ಆಚೆಯ ಮನೆಗಳ ಬೆಲೆ ಮಾತ್ರವಲ್ಲ, ಈಚೆಯವುಗಳದೂ ಹೌದು. ಮೈದಾನವನ್ನು ಸಾಕುವ ಯಂತ್ರಗಳೂ ಅನುಭವಿಗಳಾದ ಕೆಲಸಗಾರರೂ ಆಗಲೇ ತನ್ನಲ್ಲಿರುವ ಉದ್ಯಮಿಯು ಅದನ್ನು ಬೇರೆ ಯಾರಿಗಿಂತಲೂ ಕಡಿಮೆ ವೆಚ್ಚದಲ್ಲಿ ಕಾಪಾಡಬಲ್ಲನು. ನೆರೆಯವನೇ ತಕ್ಕ ಒಡೆಯನಾಗುವ ಸಂದರ್ಭಗಳು ಉಂಟು. ದೂರದ ನಗರದ ಹಣದ ಸಂಸ್ಥೆಗೆ ಅದು ಪುಸ್ತಕದ ಒಂದು ಸಾಲು, ಇವನಿಗಾದರೋ ಕಣ್ಣೆದುರಿನ ನೆಲ.

ಆದುದರಿಂದ ತೀರ್ಮಾನಕ್ಕೆ ಒಂದು ಒರೆಗಲ್ಲು ಬೇಕು. ಅದು ಇದು: ಆ ನೆಲದ ಮೇಲೆ ಒಂದು ಮನೆಯನ್ನೂ ಹೊಸದಾಗಿ ಕಟ್ಟಕೂಡದೆಂದು ನಿಯಮವಿದ್ದರೂ ಉದ್ಯಮಿಯು ಅದನ್ನು ಕೊಳ್ಳುವನೇ? ಹೌದೆಂದರೆ ಅವನಿಗೆ ಬೇಕಾಗಿರುವುದು ಹಸುರು; ಅವನು ಕೊಳ್ಳಲಿ. ಇಲ್ಲವೆಂದರೆ ಅವನಿಗೆ ಬೇಕಾಗಿರುವುದು ಆ ವೃದ್ಧೆಯ ಕಿಟಕಿಯೆದುರಿನ ಬಯಲು. ಅದನ್ನು ಆಕೆ ಒಮ್ಮೆ ಬೆಲೆ ತೆತ್ತು ಕೊಂಡಿದ್ದಾಳೆ, ಮತ್ತೊಮ್ಮೆ ಮಾರುವ ಹಕ್ಕು ಧರ್ಮದ ದೃಷ್ಟಿಯಿಂದ ಯಾರಿಗೂ ಇಲ್ಲ.

ಈ ಒರೆಗಲ್ಲಿನಲ್ಲಿ ಉಜ್ಜಿ ಚಿನ್ನವೆಂದು ಕಂಡಮೇಲೂ ನಾಲ್ಕು ಕಟ್ಟುಪಾಡುಗಳು ಅವಶ್ಯ. ಮೈದಾನವು ಇಂತಿಷ್ಟು ವರ್ಷ ಬಯಲಾಗಿಯೇ ಇರುವುದೆಂಬುದನ್ನು ಮಾತಿನಲ್ಲಿ ಹೇಳದೆ ಪತ್ರದಲ್ಲಿ ಬರೆದು ನೋಂದಾಯಿಸಬೇಕು. ಉದ್ಯಮಿ ಸತ್ತರೂ ಕಂಪೆನಿ ಕೈ ಬದಲಾದರೂ ಅದು ನಿಲ್ಲುವಂತಿರಬೇಕು. ಡೆಲ್ ವೆಬ್ಬನ ಕಂಪೆನಿಯೇ ೨೦೦೧ರಲ್ಲಿ ಇನ್ನೊಂದು ಕಂಪೆನಿಯ ಪಾಲಾಯಿತೆಂಬುದನ್ನು ನೆನೆದರೆ ಇದರ ಅಗತ್ಯ ತಿಳಿಯುವುದು. ಎರಡನೆಯದು, ಎರಡು ಬಡಾವಣೆಗಳ ಲೆಕ್ಕವೂ ಬೇರೆಬೇರೆಯಾಗಿದ್ದು, ಒಂದರ ಶುಲ್ಕ ಇನ್ನೊಂದರ ನಷ್ಟಕ್ಕೆ ಹರಿಯದಂತಿರಬೇಕು. ಮೂರನೆಯದು, ಬೇಲಿಯ ಬಾಗಿಲನ್ನು ತೆರೆಯುವ ಮೊದಲು ಎರಡು ಕಡೆಯವರನ್ನೂ ಕೇಳಬೇಕು. ಮನೆಗೊಂದು ಓಟು, ಎಕರೆಗೊಂದಲ್ಲ. ನಾಲ್ಕನೆಯದು, ಉದ್ಯಮಿಯು ಮುಂದೆ ಎಂದಾದರೂ ಮಾರುವುದಾದರೆ, ತಾನು ಕೊಂಡ ಬೆಲೆಯನ್ನೂ ಅಭಿವೃದ್ಧಿಗೆ ಹಾಕಿದ ಹಣವನ್ನೂ ತೆರೆದು ತೋರಿಸಿ, ಮೊದಲು ನಿವಾಸಿಗಳನ್ನೇ ಕೇಳಬೇಕು.

ನಿವಾಸಿಗಳಿಗೆ ಅಷ್ಟು ಸಾಮರ್ಥ್ಯವೆಲ್ಲಿಯದು ಎನ್ನುವವರಿಗೆ ಸನ್ ಸಿಟಿಯೇ ಉತ್ತರ. ಅಲ್ಲಿ ಕಟ್ಟಿದವನು ಹೋದಮೇಲೆ ವಿನೋದಭವನಗಳೂ ಎಂಟು ಗಾಲ್ಫ್ ಮೈದಾನಗಳೂ ನಿವಾಸಿಗಳ ಲಾಭರಹಿತ ಸಂಘದ ಸ್ವತ್ತಾಗಿವೆ. ಹೊಸದಾಗಿ ಮನೆ ಕೊಂಡವರು ಬರುವಾಗಲೇ ಊರಿನ ದುರಸ್ತಿಯ ನಿಧಿಗೆ ಒಂದು ಮೊತ್ತವನ್ನು ಕೊಟ್ಟು ಒಳಗೆ ಬರುತ್ತಾರೆ. ಹಳೆಯ ಕೊಳವೆಯನ್ನು ತೆಗೆದು ಹೊಸದನ್ನು ಹಾಕಲು ಹಣ ಅದರಿಂದ ಬರುತ್ತದೆ. ಸಭೆಗಳಲ್ಲಿ ಗದ್ದಲವಾಗುವುದುಂಟು, ಮೊಕದ್ದಮೆಗಳೂ ಆಗಿರುವುದುಂಟು. ಆದರೂ ಆರು ದಶಕಗಳಿಗೂ ಮಿಕ್ಕಿ ಸುಮಾರು ನಲವತ್ತು ಸಾವಿರ ಜನರ ಊರೊಂದು ತನ್ನ ಹುಲ್ಲನ್ನು ತಾನೇ ಕತ್ತರಿಸಿಕೊಳ್ಳುತ್ತಿದೆ. ಮುದುಕರು ಆಟವಾಡುವುದಕ್ಕೆ ಮಾತ್ರ ತಕ್ಕವರು, ಆಳುವುದಕ್ಕೆ ಅಲ್ಲವೆಂಬ ಎಣಿಕೆ ಅಷ್ಟರಮಟ್ಟಿಗೆ ಸುಳ್ಳಾಗಿದೆ.

ಆಶ್ರಮಧರ್ಮವನ್ನು ಹೇಳಿದ ಹಿರಿಯರು ವಾನಪ್ರಸ್ಥನಿಗೆ ಕಾಡನ್ನು ವಿಧಿಸಿದರು. ಅಲ್ಲಿ ಮರಗಳಿಗೆ ಒಡೆಯನಿರಲಿಲ್ಲ. ಈ ಕಾಲದ ವಾನಪ್ರಸ್ಥನು ಹೋಗುವ ವನಕ್ಕೆ ಕ್ರಯಪತ್ರವುಂಟು, ಶುಲ್ಕವುಂಟು, ಬೇಲಿಯುಂಟು, ಬೇಲಿಯ ಮೇಲೆ “ಮಾರಾಟಕ್ಕಿದೆ” ಎಂಬ ಹಲಗೆಯೂ ಉಂಟು. ಅದನ್ನು ತಪ್ಪಿಸುವಂತಿಲ್ಲ; ನೆಲ ಕೈ ಬದಲಾಗುವುದು ಲೋಕದ ರೀತಿ. ಆದರೆ ಕೈ ಬದಲಾಗುವ ನೆಲದ ಜೊತೆಯಲ್ಲಿ ಹಿಂದಿನವನು ಕೊಟ್ಟ ಮಾತೂ ಬರುತ್ತದೆಂಬುದನ್ನು ಕೊಳ್ಳುವವನು ತಿಳಿದಿರಬೇಕು. ಆ ಮಾತನ್ನು ನಡೆಸಬಲ್ಲವನು ಬೇಲಿಯನ್ನು ಆಚೆಗೆ ಸರಿಸಿದರೆ ಎರಡು ಕಡೆಯವರಿಗೂ ಒಳ್ಳೆಯದು. ನಡೆಸಲಾರದವನಿಗೆ ಬೇಲಿ ಇದ್ದಲ್ಲಿಯೇ ಇರುವುದು ಲೇಸು.